ಸಂಗೀತ ಅವರನ್ನು ಉಳಿಸಲಿಲ್ಲ



ಕಳೆದ ತಿಂಗಳು ನೆಂಟರ ಮನೆಯ ಗೃಹಪ್ರವೇಶದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದ. ಆತನಿಗೇ ಈಗ ಮೊಮ್ಮಕ್ಕಳಿದ್ದಾರೆ. ನನಗೆ ಓದಲೆಂದು ಕೊಟ್ಟಿದ್ದ ಒಂದು ಪುಸ್ತಕದ ಮಾತು ತೆಗೆದ: 'ದಿ ಚಿಲ್ಡ್ರನ್ ಆಫ್ ವಿಲ್ಸ್‌ಡನ್ ಲೇನ್'. ಪಿಯಾನೋ ವಾದಕಿ ಮೋನಾ ಗೊಲಾಬೆಕ್ ತನ್ನ ತಾಯಿ ಲೀಸಾ ಯುರಾಳ ಬಾಲ್ಯವನ್ನು ಕುರಿತು ಸಹಲೇಖಕರೊಬ್ಬರೊಡನೆ ಬರೆದು 2002ರಲ್ಲಿ ಪ್ರಕಟಿಸಿದ ಕೃತಿ. "ನೋಡಿ ಮೇಷ್ಟ್ರೇ, ಸಂಗೀತವೇ ಆ ಹುಡುಗಿಯ ಜೀವ ಉಳಿಸಿತು. ರಕ್ತದಲ್ಲೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ" ಎಂದ. ಸುತ್ತಲಿನವರು ತಲೆದೂಗಿದರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಹೊತ್ತು. ವಾದಕ್ಕೆ ಇಳಿಯುವ ಸಂದರ್ಭವಲ್ಲವೆಂದು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ಅಂದಿನಿಂದ ಕಾಡುತ್ತಿದೆ. ಅಂದು ಆಡಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಆತನೂ ಓದುತ್ತಾನೆಂದು ಬಲ್ಲೆ.

ಪುಸ್ತಕವನ್ನು ಓದದವರಿಗಾಗಿ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಲೀಸಾ ವಿಯೆನ್ನಾ ನಗರದ ಯೆಹೂದಿ ದರ್ಜಿಯೊಬ್ಬನ ಮಗಳು. ತಾಯಿ ಮಾಲ್ಕಾಳಿಂದಲೇ ಆಕೆಗೆ ಪಿಯಾನೋ ಪಾಠ ಆರಂಭವಾಯಿತು. 1938ರ ಮಾರ್ಚಿಯಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ನುಂಗಿದ ಮೇಲೆ, ಯೆಹೂದಿ ಮಕ್ಕಳಿಗೆ ಕಲಿಸಕೂಡದೆಂಬ ಆಜ್ಞೆಗೆ ಅಂಜಿ ಆಕೆಯ ಗುರುವೇ ಪಾಠ ನಿಲ್ಲಿಸಿದ. ಅದೇ ನವೆಂಬರ್ 9 ಮತ್ತು 10ರಂದು ಯೆಹೂದಿಗಳ ಅಂಗಡಿ, ಮಂದಿರಗಳನ್ನು ಒಡೆದು ಸುಟ್ಟರು. ಆ ಬಳಿಕ ಬ್ರಿಟನ್ ಸರ್ಕಾರ ಹದಿನೇಳರೊಳಗಿನ ಮಕ್ಕಳಿಗೆ ಮಾತ್ರ ಬಾಗಿಲು ತೆರೆಯಿತು, ತಂದೆತಾಯಂದಿರಿಗೆ ತೆರೆಯಲಿಲ್ಲ. ಕಿಂಡರ್‌ಟ್ರಾನ್ಸ್‌ಪೋರ್ಟ್ ಎಂದು ಹೆಸರಾದ ಈ ಏರ್ಪಾಡಿನಲ್ಲಿ, 1938ರ ಡಿಸೆಂಬರ್‌ನಿಂದ 1939ರ ಸೆಪ್ಟೆಂಬರ್ ಆರಂಭದವರೆಗೆ ಸುಮಾರು 10,000 ಮಕ್ಕಳು ರೈಲು ಮತ್ತು ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂದರು. ಲೀಸಾಳ ಮನೆಗೆ ಮೊದಲು ದೊರೆತದ್ದು ಒಂದೇ ಸ್ಥಳ, ಮನೆಯಲ್ಲಿದ್ದದ್ದು ಮೂವರು ಹೆಣ್ಣುಮಕ್ಕಳು. ನಡುವಿನವಳಾದ ಹದಿನಾಲ್ಕರ ಲೀಸಾಳನ್ನು ಕಳುಹಿಸಿದರು. ಸಂಗೀತವನ್ನು ಕೈಬಿಡಬೇಡವೆಂದು ತಾಯಿ ನಿಲ್ದಾಣದಲ್ಲಿ ಹೇಳಿದಳು. ಅಕ್ಕತಂಗಿಯರು ಬೇರೆ ಬೇರೆ ದಾರಿಯಲ್ಲಿ ಹೇಗೋ ಬದುಕಿಕೊಂಡರು, ತಂದೆತಾಯಿ ಉಳಿಯಲಿಲ್ಲ.

ಈಗ ನನ್ನ ಶಿಷ್ಯೋತ್ತಮನ ಮಾತಿಗೆ ಬರೋಣ.

ಲೀಸಾಳನ್ನು ಉಳಿಸಿದ್ದು ರೈಲಿನಲ್ಲಿ ಒಂದು ಸ್ಥಳ. ಒಂದು ಪ್ರವೇಶಪತ್ರ. ಮಗು ಮುಂದೆ ಸರ್ಕಾರಕ್ಕೆ ಹೊರೆಯಾಗದೆಂದು ಬ್ರಿಟನ್ನಿನಲ್ಲಿ ಯಾರಾದರೂ ಭರವಸೆ ಕೊಡಬೇಕಾಗಿತ್ತು. 1939ರಲ್ಲಿ ತಲೆಗೆ 50 ಪೌಂಡಿನ ಠೇವಣಿಯನ್ನೂ ಕೇಳಿದರು. ಆ ಹಣವನ್ನು ತೆತ್ತವರು, ಪಟ್ಟಿ ಬರೆದವರು, ಬಂದರಿನಲ್ಲಿ ಮಕ್ಕಳ ಕೊರಳಿನ ಸಂಖ್ಯೆಯ ಬಿಲ್ಲೆ ನೋಡಿ ಗುರುತಿಸಿದವರು ಉಳಿಸಿದರು. ಅಮೆರಿಕದಲ್ಲಿಯೂ 1939ರಲ್ಲಿ 20,000 ಮಕ್ಕಳನ್ನು ಕರೆಸಿಕೊಳ್ಳುವ ಮಸೂದೆಯೊಂದು ಬಂದಿತ್ತು. ಸಂಸತ್ತಿನಲ್ಲಿ ಮತಕ್ಕೂ ಬಾರದೆ ಅದು ಸತ್ತಿತು. ಆ ಇಪ್ಪತ್ತು ಸಾವಿರದಲ್ಲಿ ಸ್ವರಜ್ಞಾನವಿದ್ದವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದ್ದರೆ ಫಲ ಬೇರೆಯಾಗುತ್ತಿತ್ತೇ?

ಸಂಗೀತಕ್ಕೆ ಪ್ರಾಣ ಕಾಯುವ ಶಕ್ತಿ ಇದ್ದಿದ್ದರೆ ಗಿಡಿಯಾನ್ ಕ್ಲೈನ್ ಬದುಕಬೇಕಾಗಿತ್ತು. ಲೀಸಾಳಿಗೆ ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಪ್ರವೇಶ ದೊರೆಯಿತಷ್ಟೆ. ಅದೇ ಅಕಾಡೆಮಿ 1940ರಲ್ಲಿ ಪ್ರಾಗ್‌ನ ಈ ತರುಣನಿಗೆ ವಿದ್ಯಾರ್ಥಿವೇತನ ನೀಡಲು ಮುಂದಾಗಿತ್ತು. ಆ ಹೊತ್ತಿಗೆ ಯೆಹೂದಿಗಳು ಹೊರಹೋಗುವ ದಾರಿ ಮುಚ್ಚಿತ್ತು. ಆತನನ್ನು 1941ರ ಡಿಸೆಂಬರ್‌ನಲ್ಲಿ ತೆರೆಜಿನ್ ಎಂಬ ಕೋಟೆಯೂರಿನ ಬಂಧನಕ್ಕೆ ಅಟ್ಟಿದರು. ಅಲ್ಲಿಯೂ ಬರೆದ, ನುಡಿಸಿದ, ಮಕ್ಕಳಿಗೆ ಕಲಿಸಿದ. 1944ರ ಅಕ್ಟೋಬರ್ 7ರಂದು ತಂತಿವಾದ್ಯಗಳ ತ್ರಯವೊಂದನ್ನು ಮುಗಿಸಿದ. ಒಂಬತ್ತು ದಿನಗಳ ಬಳಿಕ ಆಶ್ವಿಟ್ಜ್‌ಗೆ ಹೊರಟ ಬಂಡಿಯಲ್ಲಿದ್ದ. 1945ರ ಜನವರಿಯಲ್ಲಿ ಗಣಿಶಿಬಿರವೊಂದರಲ್ಲಿ ಸತ್ತಾಗ ವಯಸ್ಸು ಇಪ್ಪತ್ತೈದು. ಪ್ರತಿಭೆಯಲ್ಲಿ ಯಾವ ಕೊರತೆಯಿತ್ತು, ಹೇಳಿ?

ಅದೇ ತೆರೆಜಿನ್‌ನಲ್ಲಿ ಹ್ಯಾನ್ಸ್ ಕ್ರಾಸಾನ 'ಬ್ರುಂಡಿಬಾರ್' ಎಂಬ ಮಕ್ಕಳ ಗೀತನಾಟಕ 1943ರ ಸೆಪ್ಟೆಂಬರ್‌ನಿಂದ ಆರಂಭಿಸಿ 55 ಬಾರಿ ರಂಗಕ್ಕೆ ಬಂತು. 1944ರ ಜೂನ್‌ನಲ್ಲಿ ರೆಡ್ ಕ್ರಾಸ್ ಸಮಿತಿ ಬಂದಾಗ ಅತಿಥಿಗಳೆದುರು ಅದನ್ನೇ ಹಾಡಿಸಿದರು. ಹಾಡು ಚೆನ್ನಾಗಿತ್ತೆಂದೇ ನಂಬುತ್ತೇನೆ. ಹಾಡಿದ ಮಕ್ಕಳಲ್ಲಿ ಬಹುಪಾಲು ಆ ಶರತ್ಕಾಲದಲ್ಲಿಯೇ ಆಶ್ವಿಟ್ಜ್ ಸೇರಿದರು; ಕ್ರಾಸಾ ಸಹ. ಸಂಗೀತ ಉಳಿಸಿತು ಎನ್ನುವವರು ಈ ಮಕ್ಕಳ ಬಗ್ಗೆ ಏನು ಹೇಳುತ್ತಾರೆ? ಅವರು ಸಾಲದಷ್ಟು ಚೆನ್ನಾಗಿ ಹಾಡಿದರೆಂದೇ?

"ಮೇಷ್ಟ್ರೇ, ಅದು ಮಾತಿನ ಅಲಂಕಾರ, ನೀವು ಕಡ್ಡಿಯನ್ನು ಗುಡ್ಡ ಮಾಡುತ್ತೀರಿ" ಎಂದು ನಿಮ್ಮಲ್ಲಿ ಕೆಲವರು ಹೇಳುವಿರಿ. ಹತ್ತನೆಯ ತರಗತಿಯಲ್ಲಿಯೂ ಹೀಗೆಯೇ ಹೇಳುತ್ತಿದ್ದಿರಿ. ನನಗೆ ಅದು ಬರಿಯ ಅಲಂಕಾರವಾಗಿ ಕಾಣುವುದಿಲ್ಲ. ಹತ್ತು ಸಾವಿರ ಮಕ್ಕಳಲ್ಲಿ ಪಿಯಾನೋ ಬಲ್ಲವರು ಕೆಲವರೇ. ಉಳಿದವರಲ್ಲಿ ಗಣಿತ ಬಾರದವರು, ಹಾಸಿಗೆ ಒದ್ದೆ ಮಾಡುವವರು, ಮಾತು ತೊದಲುವವರು, ಯಾವ ವಿಶೇಷವೂ ಇಲ್ಲದವರು ಇದ್ದರು. ಅವರ ಪ್ರಾಣದ ಬೆಲೆಯೂ ಅಷ್ಟೇ ಆಗಿತ್ತು. ನಾವು ಮಾತ್ರ ವಾದ್ಯ ಹಿಡಿದ ಮಗುವಿನ ಕಥೆಯನ್ನೇ ಮತ್ತೆ ಮತ್ತೆ ಹೇಳಿ, ಉಳಿಯುವುದಕ್ಕೊಂದು ಅರ್ಹತೆ ಬೇಕೆಂದು ನಮ್ಮ ಮಕ್ಕಳಿಗೆ ಕಲಿಸುತ್ತಿದ್ದೇವೆ.

ಇನ್ನು ಆ 'ರಕ್ತ'. ಯಾರ ಅಜ್ಜ ಅಜ್ಜಿಯರು ಯಾರೆಂದು ದಾಖಲೆ ಹುಡುಕಿ, ಮೂವರು ಅಥವಾ ನಾಲ್ವರು ಯೆಹೂದಿಗಳಿದ್ದರೆ ನೀನೂ ಯೆಹೂದಿ ಎಂದು ತೀರ್ಮಾನಿಸಿದವು 1935ರ ನ್ಯೂರೆಂಬರ್ಗ್ ಕಾನೂನುಗಳು. ಗುಣವೆಲ್ಲ ರಕ್ತದಲ್ಲಿದೆ ಎಂಬುದೇ ಆ ಕೊಲೆಗಡುಕರ ಸಿದ್ಧಾಂತ. ಅವರಿಂದ ತಪ್ಪಿಸಿಕೊಂಡ ಮಗುವನ್ನು ಹೊಗಳಲು ಅದೇ ಮಾತನ್ನು ಬಳಸುವುದೇ? ಸುಡುವ ಗಾದೆಯನ್ನಂತೂ ಆ ಕಾಲದ ಯುರೋಪಿನ ಮಾತು ಬಂದಾಗ ದಯವಿಟ್ಟು ಬಾಯಿಗೆ ತರಬೇಡಿ.

ಲೀಸಾಳಿಗೆ ಸಂಗೀತ ಬಂದದ್ದು ಪಾಠದಿಂದ. ತಾಯಿಯ ಪಾಠದ ಮುಂದಿನ ಭಾಗವನ್ನು ಅಪರಿಚಿತರು ನಡೆಸಿದರು: ವಿಲ್ಸ್‌ಡನ್ ಲೇನ್‌ನ ನಿರಾಶ್ರಿತ ಮಕ್ಕಳ ವಸತಿಗೃಹದ ಮೇಲ್ವಿಚಾರಕಿ, ಆಕೆ ಹೊಲಿಗೆ ಕಾರ್ಖಾನೆಯಿಂದ ದಣಿದು ಬಂದು ಅಭ್ಯಾಸಕ್ಕೆ ಕುಳಿತಾಗ ಸದ್ದನ್ನು ಸಹಿಸಿಕೊಂಡ ಉಳಿದ ಹುಡುಗ ಹುಡುಗಿಯರು, ಅಕಾಡೆಮಿಯ ಅಧ್ಯಾಪಕಿ. ಲೀಸಾ ಮುಂದೆ ಲಾಸ್ ಏಂಜಲೀಸ್‌ನಲ್ಲಿ ಹೆಣ್ಣುಮಕ್ಕಳಿಬ್ಬರಿಗೂ ತಾನೇ ಪಿಯಾನೋ ಕಲಿಸಿದಳು. ಪಾಠದ ನಡುವೆಯೇ ವಿಯೆನ್ನಾದ ಕಥೆಗಳನ್ನು ಹೇಳುತ್ತಿದ್ದಳೆಂದು ಮೋನಾ ನೆನೆಯುತ್ತಾಳೆ. ಇದರಲ್ಲಿ ರಕ್ತಕ್ಕೆ ಎಷ್ಟು ಪಾಲು, ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಗಂಟೆಗಳಿಗೆ ಎಷ್ಟು ಪಾಲು, ನೀವೇ ಎಣಿಸಿ.

ಇನ್ನೊಂದು ನಿದರ್ಶನವನ್ನು ಹೇಳದಿರಲಾರೆ. ನೋರ್ಬರ್ಟ್ ಬ್ರೈನಿನ್, ಪೀಟರ್ ಶಿಡ್ಲೋಫ್, ಸೀಗ್ಮಂಡ್ ನಿಸೆಲ್ ಮೂವರೂ ಹದಿವಯಸ್ಸಿನಲ್ಲಿ ಆಸ್ಟ್ರಿಯಾದಿಂದ ತಪ್ಪಿಸಿಕೊಂಡು ಬಂದ ಯೆಹೂದಿ ಹುಡುಗರು. ಆಶ್ರಯ ಕೊಟ್ಟ ಬ್ರಿಟನ್ನೇ 1940ರಲ್ಲಿ ಅವರನ್ನು 'ಶತ್ರುದೇಶದವರು' ಎಂದು ಬೇಲಿಯೊಳಗೆ ಕೂಡಿಹಾಕಿತು. (ಆ ದೇಶವನ್ನು ಬರಿದೇ ಹೊಗಳುವವರು ಇದನ್ನೂ ನೆನಪಿಡಬೇಕು.) ಬ್ರೈನಿನ್ ಮತ್ತು ಶಿಡ್ಲೋಫ್ ಭೇಟಿಯಾದದ್ದು ಅಂಥ ಶಿಬಿರದಲ್ಲಿಯೇ, ನಿಸೆಲ್ ಶಿಡ್ಲೋಫ್‌ನಿಗೆ ಪರಿಚಯವಾದದ್ದು ಐಲ್ ಆಫ್ ಮ್ಯಾನ್ ದ್ವೀಪದ ಬಂಧನದಲ್ಲಿ. ಬಿಡುಗಡೆಯಾದ ಮೇಲೆ ಮ್ಯಾಕ್ಸ್ ರೋಸ್ಟಾಲ್ ಎಂಬ ಪಿಟೀಲು ಗುರು ಅವರಿಗೆ ಶುಲ್ಕವಿಲ್ಲದೆ ಪಾಠ ಹೇಳಿದ. ಆತನೂ 1934ರಲ್ಲಿ ಬರ್ಲಿನ್ ಬಿಟ್ಟು ಬಂದವನೇ. ಇಂಗ್ಲಿಷ್ ಚೆಲೋ ವಾದಕ ಮಾರ್ಟಿನ್ ಲೊವೆಟ್ ಸೇರಿದಾಗ ಅಮೆಡೇಯಸ್ ಕ್ವಾರ್ಟೆಟ್ ರೂಪುಗೊಂಡಿತು. 1948ರ ಜನವರಿಯಲ್ಲಿ ವಿಗ್‌ಮೋರ್ ಹಾಲ್‌ನಲ್ಲಿ ಆ ಹೆಸರಿನ ಮೊದಲ ಕಛೇರಿ. 1987ರಲ್ಲಿ ಶಿಡ್ಲೋಫ್ ತೀರಿಕೊಂಡಾಗ ಆತನ ಜಾಗಕ್ಕೆ ಇನ್ನೊಬ್ಬನನ್ನು ತಾರದೆ ಉಳಿದವರು ತಂಡವನ್ನೇ ನಿಲ್ಲಿಸಿದರು. ಆ ನಾಲ್ವರಲ್ಲಿ ಯಾರ ರಕ್ತ ಯಾರದು?

ಇಷ್ಟು ಬರೆದ ಮೇಲೆ ನನ್ನದೊಂದು ಲೆಕ್ಕ ಬಾಕಿ ಇದೆ. ಶಾಲಾ ವಾರ್ಷಿಕೋತ್ಸವದ ಸಮೂಹಗಾನಕ್ಕೆ ಮಕ್ಕಳನ್ನು ಆರಿಸುತ್ತಿದ್ದವನು ನಾನೇ. ಶ್ರುತಿಗೆ ಸೇರದ ಹುಡುಗನೊಬ್ಬ ಹಟ ಹಿಡಿದು ನಿಂತಾಗ, "ಬಾಯಿ ಆಡಿಸು, ಸ್ವರ ತೆಗೆಯಬೇಡ" ಎಂದಿದ್ದೆ. ಮೂರು ವರ್ಷ ಹಿಂದಿನ ಸಾಲಿನಲ್ಲಿ ನಿಂತು ಆತ ಬಾಯಿ ಆಡಿಸಿದ. ನಾನದನ್ನು ಅಧ್ಯಾಪಕರ ಕೊಠಡಿಯಲ್ಲಿ ತಮಾಷೆಯಾಗಿ ಹೇಳಿಕೊಂಡು ನಕ್ಕದ್ದೂ ಉಂಟು. ಆ ಮಕ್ಕಳ ಪಟ್ಟಿಗಳ ಬಗ್ಗೆ ಓದುವಾಗಲೆಲ್ಲ, ಪಟ್ಟಿ ಬರೆಯುವ ಕೆಲಸ ನನ್ನ ಕೈಗೆ ಬಂದಿದ್ದರೆ ಆ ಹುಡುಗನ ಹೆಸರನ್ನು ಎಲ್ಲಿ ಬರೆಯುತ್ತಿದ್ದೆನೋ ಎಂಬ ಯೋಚನೆ ಬರುತ್ತದೆ. ಉತ್ತರ ನನಗೆ ಹಿತವಾಗಿಲ್ಲ.

ಗಿಡಿಯಾನ್ ಕ್ಲೈನ್ ತೆರೆಜಿನ್ ಬಿಡುವಾಗ ಹಸ್ತಪ್ರತಿಗಳನ್ನು ಸ್ನೇಹಿತೆಯೊಬ್ಬಳ ವಶಕ್ಕೆ ಕೊಟ್ಟಿದ್ದ. ಆಶ್ವಿಟ್ಜ್‌ನಿಂದ ಜೀವಂತವಾಗಿ ಮರಳಿದ ಅಕ್ಕ ಎಲಿಷ್ಕಾಳಿಗೆ ಅವು ಆಕೆಯಿಂದ ತಲುಪಿದವು. ಎಲಿಷ್ಕಾ 1999ರಲ್ಲಿ ತೀರಿಕೊಳ್ಳುವವರೆಗೂ ಅವುಗಳನ್ನು ಕಾದಳು, ಅಚ್ಚು ಹಾಕಿಸಿದಳು, ನುಡಿಸುವವರನ್ನು ಹುಡುಕಿದಳು. ಆ ಕೊನೆಯ ತ್ರಯದ ಧ್ವನಿಮುದ್ರಣಗಳು ಈಗ ಸುಲಭವಾಗಿ ಸಿಗುತ್ತವೆ. ಅದರ ನಡುವಿನ ಭಾಗ ಮೊರಾವಿಯಾ ಸೀಮೆಯ ಜನಪದ ಹಾಡೊಂದರ ಮೇಲೆ ಕಟ್ಟಿದ್ದು.

ಪುಸ್ತಕವನ್ನು ಬರುವ ಭಾನುವಾರ ಹಿಂತಿರುಗಿಸುತ್ತೇನೆ. ಒಳಗೆ ಈ ತ್ರಯದ ಹೆಸರು ಬರೆದ ಚೀಟಿಯೊಂದನ್ನು ಇಟ್ಟಿದ್ದೇನೆ. ಸಮೂಹಗಾನದ ಆ ಹುಡುಗ ಈಗ ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ನನಗೆ ತಿಳಿಸಿ.