ಸಾವಿನ ಮನೆಯ ಸಾಲ



ಕಳೆದ ತಿಂಗಳು ಭದ್ರಾವತಿಯ ಗುತ್ತಿಗೆ ಕಾರ್ಮಿಕರೊಬ್ಬರು ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದರು. 40 ದಿನಗಳಲ್ಲಿ ತಾಯಿ, ಅಣ್ಣ ಇಬ್ಬರೂ ಲಿಂಗೈಕ್ಯರಾಗಿದ್ದರು. ಅಂತ್ಯಕ್ರಿಯೆಗೆ ಸಾಲವಾಗಿದೆ, ಸಹಾಯ ಮಾಡಿ ಎಂದರು. ಎಂಜಿನಿಯರ್ ಬುದ್ಧಿ ನೋಡಿ, ಪೆನ್ನು ಹಿಡಿದು ಲೆಕ್ಕ ಕೇಳಿದೆ. ಗುಂಡಿ ತೋಡಿದ ಕೂಲಿ, ವಿಭೂತಿ, ಪತ್ರೆ, ಹೂವು, ವಾಹನ ಎಲ್ಲ ಸೇರಿದರೂ ಸಾಲದ ಕಾಲುಭಾಗವಾಗಲಿಲ್ಲ. ಉಳಿದದ್ದೆಲ್ಲ ಹನ್ನೊಂದನೆಯ ದಿನದ ಊಟ, ಅದೂ ಎರಡು ಸಲ.

"ಇಷ್ಟೊಂದು ಯಾಕೆ?" ಎಂದೆ.

"ನಿಮ್ಮ ತಂದೆಯವರ ಗಣಾರಾಧನೆಗೆ ಬಂದಿದ್ದೆನಲ್ಲ ಸರ್."

ಪೆನ್ನು ಕೆಳಗಿಟ್ಟೆ. ಶರಣರು ಸೂತಕವನ್ನೇ ಒಪ್ಪಲಿಲ್ಲ, ಇಲ್ಲದ ಸೂತಕ ಕಳೆಯಲು ಊಟವೇಕೆ ಎಂದು ವೇದಿಕೆಯಲ್ಲಿ ಹೇಳುವವನು ನಾನೇ. ಅಂದು ಪಂಕ್ತಿ ಹಾಕಿಸಿದವನೂ ನಾನೇ.

ಅವರ ಅಣ್ಣ ಇಎಸ್‌ಐ ಸದಸ್ಯರು. ಅಂಥವರ ಅಂತ್ಯಕ್ರಿಯೆಗೆ 15,000 ರೂಪಾಯಿವರೆಗೆ ಸಿಗುತ್ತದೆ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಬಡ ಕುಟುಂಬದ ದುಡಿಯುವ ಆಧಾರವೇ 18ರಿಂದ 59 ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಇದೆ. ಉಂಡು ಹೋದವರಲ್ಲಿ ಒಬ್ಬರೂ ಇದನ್ನು ಅವರಿಗೆ ಹೇಳಿರಲಿಲ್ಲ. ಅರ್ಜಿ ತುಂಬಿಸಿ ಕಳಿಸಿದೆ. ನಮ್ಮ ಮಠಗಳು ಈ ಅರ್ಜಿಗಳನ್ನು ಪ್ರಸಾದ ನಿಲಯದ ಬಾಗಿಲಲ್ಲೇ ಇಟ್ಟುಕೊಳ್ಳಬಾರದೇ?

ನನ್ನ ಸಾವಿಗೆ ಊಟ ಬೇಡವೆಂದು ಬರೆದಿಟ್ಟಿದ್ದೇನೆ. ಮಕ್ಕಳು ಇನ್ನೂ ಸಹಿ ಹಾಕಿಲ್ಲ.