ಮೊಳೆಯಿಲ್ಲದ ಹಡಗು

ಬೇಸಿಗೆಯಲ್ಲಿ ಚಕ್ಕಡಿಯ ಗಾಲಿ ಸಡಿಲಾದರೆ ನಮ್ಮ ರೈತರು ಏನು ಮಾಡುತ್ತಿದ್ದರು ಗೊತ್ತೇ? ಬಡಿಗನನ್ನು ಕರೆಯುವ ಮೊದಲು ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಹಾಕುತ್ತಿದ್ದರು. ಒಣಗಿ ಕುಗ್ಗಿದ್ದ ಕಟ್ಟಿಗೆ ನೀರು ಕುಡಿದು ಉಬ್ಬುತ್ತಿತ್ತು. ಅಲುಗಾಡುತ್ತಿದ್ದ ಜೋಡಣೆಗಳೆಲ್ಲ ಬಿಗಿಯಾಗುತ್ತಿದ್ದವು. ಈಗ ಟೈರಿನ ಗಾಡಿಗಳೇ ಹೆಚ್ಚು. ಮಕ್ಕಳು ಇದನ್ನು ಕಂಡಿರಲಾರರು, ಮನೆಯಲ್ಲಿ ಅಜ್ಜ ಇದ್ದರೆ ಕೇಳಿ ನೋಡಿ. ಮರದ ದೋಣಿಯ ಮೊದಲ ಪಾಠವೂ ಇದೇ. ನೀರಿಗಿಳಿದ ಮೇಲೆ ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತಿಕೊಳ್ಳುತ್ತವೆ, ಸಂದುಗಳು ಮುಚ್ಚಿಕೊಳ್ಳುತ್ತವೆ.

ಗೋಕಾಕ, ಮೂಡಲಗಿ, ಹುಕ್ಕೇರಿಯವರಿಗೆ ಸಮುದ್ರದ ಗೊಡವೆ ಏಕೆ ಎನ್ನಬೇಡಿ. ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಘಟ್ಟ ಇಳಿಯುತ್ತವೆ. ಕಾರವಾರಕ್ಕೆ ಹೋದವರಿಗೆ ಟ್ಯಾಗೋರ್ ಕಡಲತೀರದಲ್ಲಿರುವ ಚಪಲ್ ಯುದ್ಧನೌಕೆಯನ್ನು ತೋರಿಸುವುದು ವಾಡಿಕೆ. ಉಕ್ಕಿನ ನೌಕೆ, ಹತ್ತಿ ಇಳಿದು, ಫೋಟೊ ತೆಗೆಸಿಕೊಂಡು, ಐಸ್‌ಕ್ರೀಮ್ ತಿಂದರೆ ಕಾರವಾರ ಮುಗಿಯಿತು. ಅದೇ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆಗೆ ಇನ್ನೊಂದು ಹಡಗು ಸೇರಿತು. ಉದ್ದ ಸುಮಾರು 65 ಅಡಿ. ಎಂಜಿನ್ ಇಲ್ಲ. ಹೊರಮೈಯ ಹಲಗೆಗಳಿಗೆ ಮೊಳೆ ಹೊಡೆದಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಿಂದೂ ಮಹಾಸಾಗರ ದಾಟಿ ಆಗ್ನೇಯ ಏಷ್ಯಾಕ್ಕೆ ಹೋದನೆಂದು ಹೇಳುವ ನಾವಿಕನ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ: ಕೌಂಡಿನ್ಯ. ಹಾಯಿಪಟದ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡವಿದೆ. ನಮ್ಮ ರಾಜ್ಯದ ಲಾಂಛನದಲ್ಲಿ ದಿನವೂ ಕಾಣುವ ಹಕ್ಕಿಯೇ.

ಈ ಹಡಗಿಗೆ ಮಾದರಿ ಯಾವುದು? ಅಜಂತಾ ಗುಹೆಯಲ್ಲಿರುವ ಐದನೇ ಶತಮಾನದ ಒಂದು ವರ್ಣಚಿತ್ರ. ನಕ್ಷೆಯಿಲ್ಲ, ಅಳತೆಯಿಲ್ಲ, ಹಳೆಯ ಹಡಗಿನ ಒಂದು ತುಂಡೂ ಉಳಿದಿಲ್ಲ. ಚಿತ್ರ ಬರೆದವನು ಹಡಗು ಕಟ್ಟುವವನಲ್ಲ. ತನ್ನ ಕಣ್ಣಿಗೆ ಕಂಡ ಹೊರಗಿನ ಆಕಾರವನ್ನಷ್ಟೇ ಬರೆದ. ತಳ ಎಷ್ಟು ಆಳ, ಒಳಗಿನ ಪಕ್ಕೆಲುಬು ಎಷ್ಟು ದಪ್ಪ ಎಂಬುದನ್ನು ಊಹಿಸಬೇಕಾಯಿತು. 2023ರ ಜುಲೈನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೊವೇಶನ್ಸ್ ಸೇರಿ ಒಪ್ಪಂದ ಮಾಡಿಕೊಂಡವು. ಸೆಪ್ಟೆಂಬರಿನಲ್ಲಿ ತಳದ ಬೆನ್ನುಮರ ಇಟ್ಟರು. ಕೇರಳದ ಬಾಬು ಶಂಕರನ್ ಅವರ ಮುಂದಾಳತ್ವದ ಕುಶಲಕರ್ಮಿಗಳು ತಿಂಗಳುಗಟ್ಟಲೆ ಹೊಲಿದರು.

ಹಲಗೆಯನ್ನು ಹೊಲಿಯುವುದೆಂದರೆ ಹೇಗೆ? ನಮ್ಮ ಕಡೆಯ ಅಜ್ಜಿಯರು ಕೌದಿ ಹೊಲಿಯುವುದನ್ನು ಕಂಡವರಿಗೆ ಅರ್ಧ ಅರ್ಥವಾದಂತೆ. ಎರಡು ಹಲಗೆಗಳ ಅಂಚುಗಳನ್ನು ಕೂಡಿಸಿ ಸಾಲಾಗಿ ತೂತು ಕೊರೆಯುತ್ತಾರೆ. ಸಂದಿನ ಮೇಲೆ ತೆಂಗಿನ ನಾರಿನ ಸಿಂಬೆ ಇಟ್ಟು, ಹಗ್ಗವನ್ನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಪೋಣಿಸಿ ಎಳೆದು ಬಿಗಿಯುತ್ತಾರೆ. ಆಮೇಲೆ ತೂತುಗಳಿಗೆ ಬೆಣೆ, ಮೇಲೆ ರಾಳ ಮತ್ತು ಎಣ್ಣೆಯ ಲೇಪ. ಬಿಗಿಯುವುದು ಇಬ್ಬರ ಕೆಲಸ. ಒಳಗೊಬ್ಬ, ಹೊರಗೊಬ್ಬ, ಹಲಗೆಯ ಆಚೆಯವನ ಮುಖ ಕಾಣುವುದಿಲ್ಲ, ಹಗ್ಗದ ಎಳೆತದಿಂದಲೇ ಇವನಿಗೆ ತಿಳಿಯಬೇಕು.

ಇನ್ನೊಂದು ವಿಶೇಷವಿದೆ. ಮೊಳೆ ಹೊಡೆದು ಕಟ್ಟುವ ದೋಣಿಗಳಲ್ಲಿ ಸಾಮಾನ್ಯವಾಗಿ ಮೊದಲು ಪಕ್ಕೆಲುಬುಗಳ ಚೌಕಟ್ಟು ನಿಲ್ಲಿಸಿ, ಆಮೇಲೆ ಮೇಲಿನ ಹಲಗೆ ಹೊದಿಸುತ್ತಾರೆ. ಹೊಲಿಯುವ ಹಡಗಿನಲ್ಲಿ ಇದು ತಿರುವುಮುರುವು: ಮೊದಲು ಚರ್ಮ, ಆಮೇಲೆ ಎಲುಬು. ಆಕಾರವೆಲ್ಲ ಮೇಸ್ತ್ರಿಯ ಕಣ್ಣಿನಲ್ಲಿರುತ್ತದೆ.

ಹಗ್ಗದ ಮೇಲೆ ಜೀವದ ಭರವಸೆ ಇಡುವುದು ಹೇಗೆ ಎಂಬ ಅನುಮಾನ ಸಹಜ. ಹದಿಮೂರನೇ ಶತಮಾನದಲ್ಲಿ ಪರ್ಷಿಯಾ ತೀರದ ಹೊರ್ಮುಜ್‌ನಲ್ಲಿ ಇಂಥ ಹಡಗು ಕಂಡ ಮಾರ್ಕೊ ಪೋಲೊ ಕೂಡ ಮೂಗು ಮುರಿದ. ಆದರೆ ಮೊಳೆಯ ದೋಣಿ ಅಲೆಗೆ ಎದುರು ನಿಲ್ಲುತ್ತದೆ. ಹೊಲಿದದ್ದು ಸ್ವಲ್ಪ ಬಾಗುತ್ತದೆ. ಮರಳಿಗೆ ಬಡಿದರೂ ಬೇಗ ಸೀಳುವುದಿಲ್ಲ. ಉಪ್ಪು ನೀರಿಗೆ ತುಕ್ಕು ಹಿಡಿಯಲು ಅದರಲ್ಲಿ ಕಬ್ಬಿಣವೇ ಇಲ್ಲ. ಗೋವಾ, ಕಾರವಾರದ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುವ ದೋಣಿಗಳನ್ನೂ ಹೀಗೆ ನಾರಿನಿಂದ ಹೊಲಿಯುತ್ತಿದ್ದರು. ಸಮುದ್ರದಲ್ಲಿ ಕಬ್ಬಿಣ ಸೆಳೆಯುವ ಬಂಡೆಗಳಿವೆ, ಅದಕ್ಕೇ ಮೊಳೆ ಹೊಡೆಯುವುದಿಲ್ಲ ಎಂಬ ಕಥೆಯೂ ಹಿಂದೆ ಇತ್ತು. ಕಥೆ ಸೊಗಸಾಗಿದೆ, ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡಿ.

ಪಾಲಕರು ಗಮನಿಸಬೇಕಾದ ಮಾತು ಇಲ್ಲಿದೆ. ಕೌಂಡಿನ್ಯದ ಆಕಾರ ಸಮುದ್ರದಲ್ಲಿ ಹೇಗೆ ವರ್ತಿಸೀತು ಎಂದು ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದವರು ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದರು. ಕೂವೆಯ ಬಲವನ್ನು ನೌಕಾಪಡೆಯವರು ಲೆಕ್ಕ ಹಾಕಿದರು. ಲೆಕ್ಕ ಬಲ್ಲವರಿಗೆ ಹಗ್ಗ ಬಿಗಿಯಲು ಬಾರದು. ಹಗ್ಗ ಬಿಗಿಯುವವರ ಕೈಯಲ್ಲಿ ಲೆಕ್ಕದ ಹಾಳೆಯಿಲ್ಲ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಹಡಗಿಲ್ಲ. ನಮ್ಮಲ್ಲಾದರೋ ಎಸ್ಸೆಸ್ಸೆಲ್ಸಿ ಅಂಕ ನೋಡಿ, ಹೆಚ್ಚು ಬಂದವನು ವಿಜ್ಞಾನಕ್ಕೆ, ಕಡಿಮೆ ಬಂದವನು ‘ಕೈಕೆಲಸಕ್ಕೆ’ ಎಂದು ಪಾಲು ಹಾಕಿಬಿಡುತ್ತೇವೆ. ಗೋಕಾಕದಲ್ಲಿ ಹಗುರ ಕಟ್ಟಿಗೆ ಕೆತ್ತಿ ಗೊಂಬೆ, ಹಣ್ಣು ಮಾಡಿ ಬಣ್ಣ ಹಚ್ಚುವ ಮನೆತನಗಳಿವೆ. ಕರದಂಟಿಗೆ ಸಿಕ್ಕಷ್ಟು ಗಿರಾಕಿ ಆ ಗೊಂಬೆಗಳಿಗೆ ಸಿಗಲಿಲ್ಲ. ಅಂಥ ಮನೆಯ ತಂದೆ ‘ನನಗೇ ಸಾಕು, ಮಗನಿಗೆ ಈ ಕೆಲಸ ಬೇಡ’ ಎಂದರೆ ಅವನನ್ನು ದೂರುವಂತಿಲ್ಲ, ಹೊಟ್ಟೆ ತುಂಬಬೇಕಲ್ಲ. ಆದರೆ ಆ ಕೈಯಲ್ಲಿರುವುದು ದಡ್ಡರ ಪಾಲಿನ ವಿದ್ಯೆ ಎಂದು ಮಕ್ಕಳ ತಲೆಗೆ ತುಂಬುವವರು ನಾವೇ.

2025ರ ಡಿಸೆಂಬರ್ 29ರಂದು ಕೌಂಡಿನ್ಯ ಗುಜರಾತಿನ ಪೋರಬಂದರಿನಿಂದ ಹೊರಟಿತು. ಗಾಳಿಯನ್ನೇ ನಂಬಿ, ಹಿಂಬದಿಯ ದೊಡ್ಡ ಹುಟ್ಟುಗಳಿಂದ ದಿಕ್ಕು ತಿರುಗಿಸುತ್ತ, 2026ರ ಜನವರಿ 14ರಂದು, ನಮ್ಮಲ್ಲಿ ಸಂಕ್ರಾಂತಿಯ ಹೊತ್ತಿಗೆ, ಓಮನ್ನಿನ ಮಸ್ಕತ್ ಮುಟ್ಟಿತು. ಹೊಲಿಗೆ ಬಿಚ್ಚಲಿಲ್ಲ.

ಹೊರದೇಶಗಳಲ್ಲಿ ಮರದ ದೋಣಿಗಳದೇ ಮೇಳ ಸೇರುತ್ತದೆ, ನಮ್ಮಲ್ಲಿ ದನಗಳ ಜಾತ್ರೆ ಸೇರುವ ಹಾಗೆ. ಅಮೆರಿಕದ ಪೋರ್ಟ್ ಟೌನ್ಸೆಂಡ್‌ನಲ್ಲಿ 1977ರಲ್ಲಿ, ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ 1994ರಲ್ಲಿ ಇಂಥ ಮೇಳಗಳು ಆರಂಭವಾದವು. ಅಲ್ಲಿ ದೋಣಿಯನ್ನು ನೋಡುವುದಷ್ಟೇ ಅಲ್ಲ, ಕಟ್ಟುವವರ ಜೊತೆ ನಿಂತು ಮಾತಾಡಬಹುದು. ನಮ್ಮ ಮಕ್ಕಳು ಅಷ್ಟು ದೂರ ಹೋಗಬೇಕಿಲ್ಲ. ನೌಕಾನೆಲೆಯೊಳಗೆ ಅನುಮತಿಯಿಲ್ಲದೆ ಬಿಡುವುದಿಲ್ಲ, ನಿಜ. ಆದರೆ ಫೈಬರ್ ದೋಣಿಗಳ ನಡುವೆ ಮೀನುಗಾರರ ಮರದ ದೋಣಿಯೊಂದು ದಡಕ್ಕೆ ಎಳೆದದ್ದು ಕಂಡರೆ, ಶಿಕ್ಷಕರು ಬಸ್ಸನ್ನು ಅರ್ಧ ಗಂಟೆ ನಿಲ್ಲಿಸಲಿ. ಬಣ್ಣ, ಹೆಸರು ಆಮೇಲೆ. ಮೊದಲು ತಳ ನೋಡಿ. ಹಲಗೆಗಳು ಎಲ್ಲಿ ಕೂಡುತ್ತವೆ, ಸಂದಿಗೆ ಏನು ತುಂಬಿದ್ದಾರೆ, ಮೊಳೆಯೋ ಹಗ್ಗವೋ, ಯಾವ ಮರ, ಬೇಸಿಗೆಯಲ್ಲಿ ಒಣಗಿದಾಗ ಏನು ಮಾಡುತ್ತಾರೆ ಎಂದು ದೋಣಿಯವರನ್ನೇ ಕೇಳಿ. ಅವರು ಕೊಂಕಣಿಯಲ್ಲಿ ಉತ್ತರಿಸಿದರೂ ಕೈಯಿಂದ ತೋರಿಸುತ್ತಾರೆ. ತಳ ನೋಡಲು ಮರಳಿನ ಮೇಲೆ ಮಲಗಬೇಕಾದೀತು. ಸಮವಸ್ತ್ರ ಕೊಳೆಯಾದರೆ ತೊಳೆದರಾಯಿತು.