ತೊಳೆದ ಮಾತ್ರಕ್ಕೆ ಬ್ಯಾರಲ್ಲು ಪಾತ್ರೆಯಾಗಲ್ಲ!

"ತೊಳದ್ರ ಎಲ್ಲಾ ಹೋಗ್ತೈತಿ ಬಿಡ್ರಿ!"

ನಮ್ಮ ನೇಸರಗಿ ಕಡೆ ಮದುವೆ, ಜಾತ್ರೆ ಊಟಕ್ಕೆ 200 ಲೀಟರಿನ ನೀಲಿ ಬ್ಯಾರಲ್ಲಿಗೆ ಕುಡಿಯೋ ನೀರು ತುಂಬುವಾಗ, "ಇದರಾಗ ಮೊದಲ ಏನಿತ್ತು?" ಅಂತ ಕೇಳಿದರೆ ನನಗೆ ಸಿಗೋ ಉತ್ತರ ಇದು. ಏನಿತ್ತೋ ಮಾರಿದವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ. ಲೇಬಲ್ಲು ಯಾವತ್ತೋ ಕಿತ್ತು ಹೋಗಿರುತ್ತೆ.

ಓದಿಕೊಂಡ ಹುಡುಗರ ವಾದ ಇನ್ನೂ ಜೋರು. "ಅಮೆರಿಕಾದಾಗ ಹಳೇ ಬಿಯರ್ ಕೆಗ್ ಕೊಯ್ದು ಒಲಿ ಮ್ಯಾಲೆ ಇಡತಾರ. ನಮ್ಮ ಬ್ಯಾರಲ್ಲಿಗೇನ್ ಧಾಡಿ ಆಗೈತ್ರಿ?"

ಧಾಡಿ ಇರೋದೇ ಅಲ್ಲಿ ಸ್ವಾಮಿ! ಅಲ್ಲಿ ಮನೆಯಲ್ಲಿ ಬಿಯರ್ ಮಾಡೋದಕ್ಕೆ 1978ರ ಕೇಂದ್ರ ಕಾನೂನಿನಿಂದಲೇ ದಾರಿಯಾಗಿದೆ. ನಮ್ಮಲ್ಲಿ ಲೈಸೆನ್ಸಿಲ್ಲದೆ ಮಾಡಿದರೆ ಅಬಕಾರಿ ಕೇಸು, ಆ ಮಾತು ಬಿಡಿ. ಪಾತ್ರೆ ಮಾತ್ರ ನೋಡಿ. ಅವರ ಕೆಗ್ಗು ಸುಮಾರು 58 ಲೀಟರಿನ ಸ್ಟೇನ್‌ಲೆಸ್ ಸ್ಟೀಲು. ಕೊಂಡು ತಂದು, ಒಳಗಿನ ಗ್ಯಾಸ್ ಒತ್ತಡ ಪೂರ್ತಿ ಬಿಟ್ಟು, ಆಮೇಲೆ ನೆತ್ತಿ ಕೊಯ್ದು, ಬುಡದಲ್ಲಿ ನಲ್ಲಿ ಕೂರಿಸಿ ಮಾಲ್ಟಿನ ರಸ ಕುದಿಸ್ತಾರೆ. ಮುಖ್ಯ ಮಾತೇನೆಂದರೆ, ಅದರಲ್ಲಿ ಮೊದಲು ಇದ್ದದ್ದೂ ಮನುಷ್ಯ ಕುಡಿಯೋ ಪದಾರ್ಥವೇ!

ನಮ್ಮ ಪ್ಲಾಸ್ಟಿಕ್ ಬ್ಯಾರಲ್ಲು ಹಾಗಲ್ಲ. ಕೆಲವು ದ್ರಾವಕ, ಕೀಟನಾಶಕಗಳು ಅದರ ಗೋಡೆಯೊಳಕ್ಕೇ ಇಳಿದುಬಿಡ್ತವೆ. ಮೇಲೆ ಎಷ್ಟೇ ಸೋಪು ಉಜ್ಜಿ, ಒಳಗೆ ಇಳಿದದ್ದು ನಿಧಾನಕ್ಕೆ ನೀರಿಗೆ ಬಿಡುತ್ತೆ. ತಗಡಿನ ಬ್ಯಾರಲ್ಲಿಗೆ ಒಳಗೆ ರಾಸಾಯನಿಕ ಲೇಪ ಇರೋದುಂಟು. ಒಲೆ ಮೇಲಿಟ್ಟರೆ ಅದೇ ಸುಟ್ಟು ಸಾರಿಗೆ ಸೇರುತ್ತೆ.

ಹೆದರಿಸ್ತಿದೀನಿ ಅನ್ನಬೇಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸಿಕ್ಕಿತು. ಎಣ್ಣೆ ಇಟ್ಟಿದ್ದು ಹಿಂದೆ ಕೀಟನಾಶಕ ಇದ್ದ ಡಬ್ಬಿಯಲ್ಲಿ ಅಂತ ಅಧಿಕಾರಿಗಳು ಆಗಲೇ ಹೇಳಿದ್ದರು. ನಮ್ಮ ಹತ್ತಿ ಹೊಲಗಳಿಗೆ ಹೊಸ ಹೆಸರಲ್ಲ ಅದು. ಕೀಟನಾಶಕದ ಖಾಲಿ ಡಬ್ಬಿ ಮತ್ತೆ ಬಳಕೆಯಾಗದಂತೆ ಒಡೆದು ಹೂಳಬೇಕು ಅಂತ 1971ರ ನಿಯಮದಲ್ಲೇ ಇದೆ. ಓದಿದವರ್ಯಾರು?

"ಬಡವರೇನು ಮಾಡಬೇಕು?" ಅಂತೀರಾ? ಪೆಂಡಾಲಿಗೆ, ಡಿಜೆಗೆ ಇರೋ ದುಡ್ಡು ನೀರಿನ ಪಾತ್ರೆಗೆ ಮಾತ್ರ ಇಲ್ಲವೇ? ಊರ ಗುಡಿಯವರು ನಾಲ್ಕು ಸ್ಟೀಲ್ ಟ್ಯಾಂಕು ಕೊಂಡಿಟ್ಟು ಬಾಡಿಗೆಗೆ ಕೊಟ್ಟರೆ ಎಲ್ಲರ ಮದುವೆಗೂ ಆಯ್ತು. ಈಗಿರೋ ಬ್ಯಾರಲ್ಲು ಕಟ್ಟಡದ ಕೆಲಸಕ್ಕೆ ಹೋಗಲಿ.

ಮುಂದಿನ ಸಲ ಪಂಕ್ತಿಯಲ್ಲಿ ಕೂತಾಗ ನೀವೂ ಒಮ್ಮೆ ಕೇಳಿ, ಇದರಾಗ ಮೊದಲ ಏನಿತ್ತು ಅಂತ. ಬೀಗರು ಮುಖ ಗಂಟು ಹಾಕಿದರೆ ಹಾಕಲಿ ಬಿಡಿ.